ಅಜ್ಜಿಯ ಸರದ ಪಾವಲಿ, ತಮ್ಮನ ಅಂಗಿಯ ಕಫ್‌ಲಿಂಕ್: ಯಾವ ನಾಣ್ಯವನ್ನು ಮುಟ್ಟಬಹುದು, ಯಾವುದನ್ನು ಬಿಡಬೇಕು

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಅಜ್ಜನ ತಗಡಿನ ಡಬ್ಬಿಯೊಂದು ಸಿಕ್ಕಿತು. ಅದರಲ್ಲಿ ರಾಣಿ ಛಾಪಿನ ಮೂರು ಬೆಳ್ಳಿ ರೂಪಾಯಿಗಳಿವೆ; ಎರಡರ ಮೇಲೆ 1862 ಎಂದಿದೆ. ಅಜ್ಜಿಯ ಹರಿದ ಸರದಿಂದ ಬಿಡಿಸಿಟ್ಟ ಏಳು ಬೆಳ್ಳಿ ಪಾವಲಿಗಳಿವೆ (ನಾಲ್ಕಾಣೆಗಳು): 1912ರದು ಒಂದು, 1936ರವು ಎರಡು, 1943ರಿಂದ 1945ರ ನಡುವಿನವು ನಾಲ್ಕು, ಎಲ್ಲಕ್ಕೂ ಅಂಚಿನಲ್ಲಿ ಕೊಂಡಿ ಬೆಸೆದಿದ್ದಾರೆ. ಇವಲ್ಲದೆ ಒಂದು ಹಿಡಿಯಷ್ಟು ತೂತಿನ ದುಡ್ಡು, ಘೇಂಡಾಮೃಗದ 25 ಪೈಸೆಗಳು, ಎರಡು 10 ರೂಪಾಯಿಯ ಸ್ಮರಣಾರ್ಥ ನಾಣ್ಯಗಳು ಮತ್ತು ನಡುವೆ ಮಡಚಿದ, ಮೇಲೆ ಅರಬ್ಬಿಯಂಥ ಅಕ್ಷರಗಳಿರುವ ಒಂದು ಬೆಳ್ಳಿ ತಂತಿ ಇವೆ. ಲಂಡನ್ನಿನಲ್ಲಿ ಕೆಲಸದಲ್ಲಿರುವ ತಮ್ಮನ ಮದುವೆಗೆ ಇವುಗಳಿಂದ ಒಂದು ಜೊತೆ ಕಫ್‌ಲಿಂಕ್ ಮಾಡಿಸಿ ಕೊಡಬೇಕೆಂಬ ಆಸೆ. ತಂತಿಯಿಂದ ಟೈ ಪಿನ್ ಆದರೆ ಇನ್ನೂ ಚೆಂದ. ಇದು ಕಾನೂನಿಗೆ ಒಪ್ಪುತ್ತದೆಯೆ? ನಾಣ್ಯದ ಬೆಲೆ ಕೆಡುತ್ತದೆಯೆ? ಪತ್ತಾರರಿಗೆ (ಅಕ್ಕಸಾಲಿಗರಿಗೆ) ಏನೆಂದು ಹೇಳಬೇಕು?

ಉತ್ತರ: ಮೊದಲು ನಿರ್ಧಾರ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. 1936ರ ಎರಡು ಪಾವಲಿಗಳನ್ನು ತೆಗೆದುಕೊಳ್ಳಿರಿ. ಅವುಗಳಿಗೆ ತೂತು ಹೊಡೆಸದೆ, ಬೆನ್ನಿಗೆ ಬೆಸುಗೆ ಹಾಕಿಸದೆ, ಫೋಟೊಕ್ಕೆ ಕಟ್ಟು ಹಾಕಿದಂತೆ ಬೆಳ್ಳಿಯ ಕಟ್ಟು ಹಾಕಿಸಿ ಕಫ್‌ಲಿಂಕ್ ಮಾಡಿಸಿರಿ. ರೂಪಾಯಿಗಳನ್ನು ಡಬ್ಬಿಯಲ್ಲಿಯೇ ಬಿಡಿರಿ. ಆ ಮಡಚಿದ ತಂತಿಯನ್ನಂತೂ ಯಾವ ಪತ್ತಾರರ ಒಲೆಯ ಹತ್ತಿರಕ್ಕೂ ಒಯ್ಯಬೇಡಿರಿ. ಅದರ ವಿಷಯವನ್ನು ಬೇರೆಯಾಗಿಯೇ ಬರೆಯುತ್ತೇನೆ. ನಾನು ಬೆಳ್ಳಿ ಕೆಲಸದ ಮನೆತನದವನು, ಮೂವತ್ತು ವರ್ಷಗಳಿಂದ ನಾಣ್ಯಗಳನ್ನು ಕೂಡಿಡುತ್ತಲೂ ಬಂದವನು. ಕೈಗೆ ಸಿಕ್ಕ ನಾಣ್ಯವನ್ನು ಒಡವೆ ಮಾಡುವ ಚಪಲ ಮತ್ತು ನಾಣ್ಯವನ್ನು ಮುಟ್ಟಲೇಬಾರದೆಂಬ ಹಟ ಎರಡೂ ನನ್ನೊಳಗೇ ಇವೆ. ಇವೆರಡಕ್ಕೂ ನಾನು ಕಂಡುಕೊಂಡ ರಾಜಿ ಇಷ್ಟೇ: ಒಮ್ಮೆ ಒಡವೆಯಾಗಿ ಗಾಯಗೊಂಡ ನಾಣ್ಯ ಮತ್ತೆ ಒಡವೆಯಾಗಲಿ, ಗಾಯವಿಲ್ಲದ ನಾಣ್ಯ ನಾಣ್ಯವಾಗಿಯೇ ಇರಲಿ.

ಕಾನೂನಿನ ಮಾತು. ನಮ್ಮ ದೇಶದಲ್ಲಿ ಈಗ ಜಾರಿಯಲ್ಲಿರುವುದು 2011ರ ನಾಣ್ಯ ಕಾಯ್ದೆ. 1906ರ ಹಳೆಯ ಕಾಯ್ದೆಯನ್ನು ರದ್ದುಗೊಳಿಸಿ ಇದು ಬಂದಿತು. ಇದರ 12ನೆಯ ಕಲಮಿನ ಪ್ರಕಾರ ಯಾರೂ ನಾಣ್ಯವನ್ನು ಕರಗಿಸುವಂತಿಲ್ಲ, ಹಾಳು ಮಾಡುವಂತಿಲ್ಲ, ಹಣದ ವಿನಿಮಯಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ, ವಿರೂಪಗೊಂಡ ನಾಣ್ಯವನ್ನು ತಮ್ಮ ಬಳಿ ಇಟ್ಟುಕೊಳ್ಳುವಂತೆಯೂ ಇಲ್ಲ. ಮೀರಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಇದನ್ನು ಓದಿದ ಕೂಡಲೇ ಅಂಜಿ ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಏರಿಸಬೇಕಾಗಿಲ್ಲ, ಏಕೆಂದರೆ ಅದೇ ಕಾಯ್ದೆ ‘ನಾಣ್ಯ’ ಎಂದರೇನೆಂದು ಹೇಳುವಾಗ, ಸರ್ಕಾರ ಅಚ್ಚು ಹಾಕಿಸಿದ್ದು ಮತ್ತು ಇಂದಿಗೂ ಹಣವೆಂದು ಕಾನೂನಿನ ಮಾನ್ಯತೆ ಇರುವಂಥದು ಎಂದು ಗೆರೆ ಎಳೆದಿದೆ. ಮಾನ್ಯತೆ ಹೋದ ನಾಣ್ಯ ಈ ಗೆರೆಯ ಆಚೆಗಿದೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಮಾನ್ಯತೆ ಕಳೆದುಕೊಂಡವು. ನಾಲ್ಕಾಣೆಯೆಂದರೆ ರೂಪಾಯಿಯ ಕಾಲು ಭಾಗ, ಎಂದರೆ ಇಪ್ಪತ್ತೈದು ಪೈಸೆ; ತೂತಿನ ದುಡ್ಡು ಅದಕ್ಕಿಂತಲೂ ಎಷ್ಟೋ ಕೆಳಗಿನದು. ಆದ್ದರಿಂದ ನಿಮ್ಮ ಪಾವಲಿ, ತೂತಿನ ದುಡ್ಡು, ಘೇಂಡಾಮೃಗದ 25 ಪೈಸೆ ಮೂರಕ್ಕೂ ಅಡ್ಡಿಯಿಲ್ಲ.

ಅಡ್ಡಿ ಇರುವುದು ಎಲ್ಲರೂ ಸುಲಭವೆಂದು ಭಾವಿಸುವ ಕಡೆ. ನಿಮ್ಮ ಎರಡು 10 ರೂಪಾಯಿ ನಾಣ್ಯಗಳು ಹಳದಿ ಅಂಚು, ಬಿಳಿ ನಡುವಿನಿಂದ ನೋಡಲು ಆಕರ್ಷಕವಾಗಿರುತ್ತವೆ, ಕಫ್‌ಲಿಂಕಿಗೆ ಇವೇ ಆಗಬಹುದಲ್ಲ ಎನಿಸುತ್ತದೆ. ಆದರೆ ಸ್ಮರಣಾರ್ಥ ನಾಣ್ಯವನ್ನೂ ಕಾಯ್ದೆ ಹೆಸರಿಸಿಯೇ ‘ನಾಣ್ಯ’ದೊಳಗೆ ಸೇರಿಸಿದೆ. 50 ಪೈಸೆ, 1 ರೂಪಾಯಿ, 2 ರೂಪಾಯಿಗಳ ಮಾತೂ ಅಷ್ಟೆ. ಅಂಗಡಿಯವರು ಎಂಟಾಣೆಯನ್ನು ಕೈಯಿಂದ ತಳ್ಳಿದರೂ ಕಾನೂನು ಅದನ್ನು ತಳ್ಳಿಲ್ಲ. ಇಂದಿನ ಭಾರತೀಯ ನಾಣ್ಯದಿಂದ ಮಾಡಿದ ಕಫ್‌ಲಿಂಕ್, ಉಂಗುರ, ಕೀಲಿ ಗೊಂಚಲುಗಳನ್ನು ಮಾರುವವರು ಎಷ್ಟೋ ಜನ ಇದ್ದಾರೆ. ಅವರು ಮಾರುತ್ತಾರೆಂಬುದೇ ಅದು ಸರಿಯೆಂಬುದಕ್ಕೆ ಆಧಾರವಾಗುವುದಿಲ್ಲ.

ಇನ್ನೊಂದು ಕಾಯ್ದೆಯನ್ನು ಬಹಳ ಜನ ಮರೆಯುತ್ತಾರೆ, ನಿಮಗೆ ಅದು ನೇರವಾಗಿ ತಗಲುತ್ತದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚೀನ ವಸ್ತು. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ತೊಂದರೆಯಿಲ್ಲ, ಆದರೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ. ಅಂಗಿಯ ತೋಳಿಗೆ ಸಿಕ್ಕಿಸಿಕೊಂಡು ಹೋದರೂ ಒಯ್ದಂತೆಯೇ. ತಮ್ಮ ಲಂಡನ್ನಿಗೆ ಮರಳುವವನು. ಏಳರಲ್ಲಿ ಎಲ್ಲಕ್ಕಿಂತ ಸೊಗಸಾಗಿ ಉಳಿದದ್ದು 1912ರದೇ ಇರಬಹುದು, ಆದರೂ ಅದನ್ನು ನಾನು ಬದಿಗಿಡಲು ಹೇಳುವುದು ಇದೇ ಕಾರಣಕ್ಕೆ. 1936ರವುಗಳಿಗೆ ಇನ್ನೂ ಆ ವಯಸ್ಸು ಆಗಿಲ್ಲ.

ಇನ್ನು ಅಳತೆ ಮತ್ತು ತೂಕ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ. ನಮ್ಮ ಹಿರಿಯರು ಬಂಗಾರವನ್ನು ರೂಪಾಯಿ ತೂಕದಲ್ಲಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ, ಒಂದು ತೊಲವೆಂದರೆ ಇದೇ ತೂಕ. ಅಗಲ 30 ಮಿಲಿಮೀಟರಿಗೂ ಹೆಚ್ಚು. ಇದಕ್ಕೆ ಕಟ್ಟು, ಗುಂಡಿತೂತಿನಲ್ಲಿ ತೂರಿಸುವ ಹಿಂದಿನ ಕಡ್ಡಿ ಸೇರಿಸಿದರೆ ಒಂದೊಂದು ಕಫ್‌ಲಿಂಕ್ 20 ಗ್ರಾಂ ಹತ್ತಿರ ಹೋಗಿ, ತೋಳಿನ ಮಡಿಕೆ ಜೋತುಬಿದ್ದು, ಊಟಕ್ಕೆ ಕುಳಿತಾಗ ತಾಟಿನ ಅಂಚಿಗೆ ಬಡಿಯುತ್ತದೆ. ಕಫ್‌ಲಿಂಕಿನ ಮುಖ 15ರಿಂದ 20 ಮಿಲಿಮೀಟರಿನೊಳಗೆ ಇದ್ದರೆ ಚೆಂದ. ಎಂಟಾಣೆಯ ಬೆಳ್ಳಿ ನಾಣ್ಯ 24 ಮಿಲಿಮೀಟರ್, 5.83 ಗ್ರಾಂ, ಎತ್ತರದ, ಅಗಲ ಮಣಿಕಟ್ಟಿನ ಮನುಷ್ಯನಿಗೆ ಮಾತ್ರ ಒಪ್ಪೀತು. ಪಾವಲಿ 2.92 ಗ್ರಾಂ, ಅಗಲ 19ರಿಂದ 20 ಮಿಲಿಮೀಟರ್. ಕಫ್‌ಲಿಂಕಿಗೆಂದೇ ಅಚ್ಚು ಹಾಕಿದಂತಿದೆ. ಇನ್ನೂ ಚಿಕ್ಕದು ಬೇಕೆಂದವರಿಗೆ ಬೆಳ್ಳಿಯ ಎರಡಾಣೆ ಇದೆ, 15 ಮಿಲಿಮೀಟರಿನ ಆಸುಪಾಸು. ತಾಮ್ರದ ಬಣ್ಣ ಇಷ್ಟಪಡುವವರು ಒಂದು ಪೈ ನಾಣ್ಯವನ್ನು ಹುಡುಕಬಹುದು. ರೂಪಾಯಿಗೆ 192 ಪೈಗಳಿದ್ದ ಕಾಲದ ಆ ಪುಟ್ಟ ನಾಣ್ಯ 17 ಮಿಲಿಮೀಟರಿಗೆ ತುಸು ಹೆಚ್ಚು.

ಏಳು ಪಾವಲಿಗಳಲ್ಲಿ 1943–45ರ ನಾಲ್ಕನ್ನು ಏಕೆ ಆರಿಸಲಿಲ್ಲವೆಂದು ಕೇಳಬಹುದು. ಎರಡನೆಯ ಮಹಾಯುದ್ಧದ ವೇಳೆ ಬೆಳ್ಳಿಗೆ ಬರ ಬಂದು, 1940ರಿಂದ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅದಕ್ಕೂ ಮುಂಚಿನ ಪಾವಲಿಯಲ್ಲಿ ಸಾವಿರಕ್ಕೆ 917 ಪಾಲು ಬೆಳ್ಳಿ, ಎಂದರೆ 2.92 ಗ್ರಾಮಿನಲ್ಲಿ ಸುಮಾರು 2.67 ಗ್ರಾಂ ಚೊಕ್ಕ ಬೆಳ್ಳಿ ಇರುತ್ತದೆ. ಆಮೇಲಿನದರಲ್ಲಿ ಅರ್ಧ ಬೆಳ್ಳಿ, ನೂರಕ್ಕೆ 40 ಪಾಲು ತಾಮ್ರ, ಉಳಿದ ಹತ್ತು ಪಾಲು ನಿಕ್ಕಲ್ ಮತ್ತು ಸತು. ಇಂಥ ನಾಣ್ಯ ಸವೆದ ಮೇಲೆ ಉಬ್ಬಿದ ಜಾಗಗಳಲ್ಲಿ ಒಂದು ಬಗೆಯ ಹಳದಿ ಛಾಯೆ ಇಣುಕುತ್ತದೆ; ಬೆಳ್ಳಿಯ ಕಟ್ಟಿನೊಳಗೆ ಕೂರಿಸಿದಾಗ ಕಟ್ಟು ಬೆಳ್ಳಗೆ, ನಾಣ್ಯ ಕಳೆಗುಂದಿದಂತೆ ಕಾಣುತ್ತದೆ. ನಿಕ್ಕಲ್ ಚರ್ಮಕ್ಕೆ ಆಗದವರೂ ಇರುತ್ತಾರೆ. 1946–47ರಲ್ಲಿ ಬೆಳ್ಳಿಯನ್ನು ಪೂರ್ತಿ ಬಿಟ್ಟು ಬರೀ ನಿಕ್ಕಲ್ಲಿನಲ್ಲಿ ಹುಲಿಯ ಚಿತ್ರದ ಪಾವಲಿ ತಂದರು. ಹುಲಿ ಬೇಕೆಂದು ಅದನ್ನೇ ಹುಡುಕಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು, ಅಗ್ಗದ ಗಡಿಯಾರದ ಪಟ್ಟಿಯಿಂದ ಮಣಿಕಟ್ಟು ಎಂದಾದರೂ ತುರಿಸಿದ್ದುಂಟೆ ಎಂಬುದನ್ನು.

ಕೊಂಡಿಗಳ ಬಗ್ಗೆ ನೀವು ಸ್ವಲ್ಪ ಮುಜುಗರದಿಂದ ಬರೆದಂತಿದೆ. ನನಗೆ ಅವೇ ನಿರಾಳತೆ ತಂದವು. ಸಂಗ್ರಾಹಕನ ಕಣ್ಣಿನಲ್ಲಿ ಬೆಸುಗೆ ಬಿದ್ದ ನಾಣ್ಯ ಅಂದೇ ಬೆಲೆ ಕಳೆದುಕೊಂಡದ್ದು. ಅಲ್ಲಿ ಉಳಿದಿರುವುದು ಬೆಳ್ಳಿಯ ಬೆಲೆ ಮತ್ತು ನಿಮ್ಮ ಅಜ್ಜಿಯ ನೆನಪು. ನಮ್ಮ ಕಡೆ ನಾಣ್ಯವನ್ನು ಮೈಮೇಲೆ ಧರಿಸುವುದು ಹೊಸದೇನೂ ಅಲ್ಲ. ಪುತಳಿ ಸರವಿದೆ, ಕಾಸಿನ ಸರವಿದೆ, ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕುಪ್ಪಸಕ್ಕೂ ಓಢಣಿಗೂ ಪಾವಲಿ, ಎಂಟಾಣೆಗಳನ್ನು ಹೊಲಿದುಕೊಂಡದ್ದಿದೆ. ಗಂಡಸರಿಗೂ ಮದುವೆಯಲ್ಲಿ ಸಣ್ಣ ಸರಪಳಿಯಿಂದ ಕೂಡಿಸಿದ ಬೆಳ್ಳಿ, ಬಂಗಾರದ ಗುಂಡಿಗಳನ್ನು ನೆಹರೂ ಶರ್ಟಿಗೆ ಹಾಕಿ ಕೊಡುತ್ತಿದ್ದರು. ಕಫ್‌ಲಿಂಕ್ ಆ ಗುಂಡಿಯ ದಾಯಾದಿ, ಅಷ್ಟೆ. ಎದೆಯ ಬದಲು ಮುಂಗೈಗೆ ಬಂದಿದೆ.

ಆದರೆ ಆ ಕೊಂಡಿಯನ್ನು ತೆಗೆಯುವಲ್ಲಿ ಒಂದು ಅಪಾಯವಿದೆ, ಅದನ್ನು ನಾನು ನನ್ನ ಕೈಯಿಂದಲೇ ಕಲಿತದ್ದು. ಕೆಲಸಕ್ಕೆ ಕೂತ ಹೊಸತರಲ್ಲಿ ಒಬ್ಬರ ಮನೆಯ ಹಳೆಯ ಎಂಟಾಣೆಯ ಕೊಂಡಿ ಬಿಡಿಸಿ ಹೊಸ ಕೊಂಡಿ ಬೆಸೆಯಲು ಹೋದೆ. ಹಳೆಯ ಬೆಸುಗೆ ತವರ ಮತ್ತು ಸೀಸದ್ದಾಗಿತ್ತು. ಸಂತೆಗಳಲ್ಲಿ ಆತುರದಿಂದ ಮಾಡಿದ ಕೆಲಸ ಹೆಚ್ಚಾಗಿ ಹಾಗೆಯೇ ಇರುತ್ತದೆ. ಆ ಬೆಸುಗೆ 200 ಡಿಗ್ರಿ ಸೆಲ್ಸಿಯಸ್ಸಿನೊಳಗೇ ಕರಗುತ್ತದೆ, ಬೆಳ್ಳಿಯ ಬೆಸುಗೆಗೆ 700 ಡಿಗ್ರಿಯ ಆಸುಪಾಸು ಬೇಕು. ಸೀಸವನ್ನು ಪೂರ್ತಿ ಕೆರೆಯದೆ ಊದುಗೊಳವೆಯ ಜ್ವಾಲೆಗೆ ಹಿಡಿದೆ. ಉಳಿದಿದ್ದ ಸೀಸ, ತವರ ಬೆಳ್ಳಿಯೊಳಕ್ಕೆ ತಿನ್ನುತ್ತ ಇಳಿದು, ರಾಜನ ಕಿರೀಟದ ಮೇಲೆ ಜೋಳದ ಕಾಳಿಗೆ ಹುಳ ಬಿದ್ದಂತೆ ಗುಳಿಗಳೆದ್ದವು. ಅದನ್ನು ಸರಿಪಡಿಸುವ ದಾರಿಯೇ ಇಲ್ಲ. ನಾಣ್ಯದ ಮಾಲೀಕರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಆದ್ದರಿಂದ ಪತ್ತಾರರಿಗೆ ಮೊದಲು ಹೇಳಬೇಕಾದ ಮಾತು ಇದು: ಕೊಂಡಿಯ ಬುಡದ ಬೆಸುಗೆ ಬೂದು ಬಣ್ಣದ್ದಾಗಿ ಉಗುರಿಗೆ, ಚಾಕುವಿನ ಮೊನೆಗೆ ಮೆತ್ತಗೆ ಸಿಕ್ಕರೆ ಅದು ಸೀಸ, ತವರದ್ದು, ಅದನ್ನು ಚಾಕುವಿನಿಂದ, ಸಣ್ಣ ಅರದಿಂದ ಕೆರೆದು ತೆಗೆಯಬೇಕು, ಆ ನಾಣ್ಯವನ್ನು ಎಂದಿಗೂ ಕಾಸಬಾರದು.

ಕಾಸದೆ ಕಫ್‌ಲಿಂಕ್ ಮಾಡುವುದು ಹೇಗೆ ಎಂಬುದಕ್ಕೆ ಉತ್ತರವೇ ಕಟ್ಟು. ಬೆಂಕಿಯ ಕೆಲಸವೆಲ್ಲ ಕಟ್ಟಿನ ಮೇಲೆ ಮುಗಿಯುತ್ತದೆ. ಅದು ತಣ್ಣಗಾಗಿ, ತೊಳೆದು, ಮೆರುಗು ಕೊಟ್ಟ ಮೇಲೆ ಕಟ್ಟಕಡೆಗೆ ನಾಣ್ಯವನ್ನು ಅದರೊಳಗಿಟ್ಟು ಅಂಚನ್ನು ಒತ್ತಿ ಮಡಚುತ್ತಾರೆ. ಹರಳು ಕೂರಿಸಬಲ್ಲ ಯಾವ ಪತ್ತಾರರಿಗೂ ಈ ಕೆಲಸ ಬರುತ್ತದೆ. ನಾಣ್ಯವೆಂದರೆ ಚಪ್ಪಟೆಯಾದ ದೊಡ್ಡ ಹರಳು ಎಂದುಕೊಂಡರಾಯಿತು. ಸುತ್ತುವ ಪಟ್ಟಿ ಅರ್ಧ ಮಿಲಿಮೀಟರ್ ದಪ್ಪದ ಚೊಕ್ಕ ಬೆಳ್ಳಿಯದಿರಲಿ, ಅದು ಮೆತ್ತಗಿದ್ದು ನಾಣ್ಯಕ್ಕೆ ನೋವಾಗದಂತೆ ಮಡಚಿಕೊಳ್ಳುತ್ತದೆ. ಹಿಂದಿನ ಕಡ್ಡಿ ಮಾತ್ರ ತಾಮ್ರ ಬೆರೆತ 925ರ ಗಟ್ಟಿ ಬೆಳ್ಳಿಯದೇ ಆಗಬೇಕು. ಚೊಕ್ಕ ಬೆಳ್ಳಿಯ ಕಡ್ಡಿ ನಾಲ್ಕು ಸಲ ಹಾಕಿ ತೆಗೆಯುವಷ್ಟರಲ್ಲಿ ಬಾಗುತ್ತದೆ. ಪಟ್ಟಿಯ ಉದ್ದದ ಲೆಕ್ಕ ಸುಲಭ: ನಾಣ್ಯದ ಅಗಲಕ್ಕೆ ಪಟ್ಟಿಯ ದಪ್ಪವನ್ನು ಕೂಡಿಸಿ 3.14ರಿಂದ ಗುಣಿಸಬೇಕು. ಪಾವಲಿ 19.5 ಮಿಲಿಮೀಟರ್ ಬಂದರೆ, ದಪ್ಪ ಅರ್ಧ ಸೇರಿ 20, ಪಟ್ಟಿ 62.8 ಮಿಲಿಮೀಟರ್. ಸವೆದ ನಾಣ್ಯಗಳು ಒಂದೇ ಅಳತೆಯವು ಇರುವುದಿಲ್ಲವಾದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಅಳೆಯಿಸಿರಿ. ಒಂದರ ಅಳತೆಗೆ ಎರಡು ಕಟ್ಟು ಮಾಡಿದರೆ ಒಂದರೊಳಗೆ ನಾಣ್ಯ ಗಲಗಲ ಎನ್ನುತ್ತದೆ.

ಕಟ್ಟಿನ ಹಿಂಬದಿಯನ್ನು ಪೂರ್ತಿ ತಗಡಿನಿಂದ ಮುಚ್ಚಿಸಬೇಡಿರಿ. ಒಳಗೆ ನಾಣ್ಯ ಕೂರಲು ಒಂದು ಸಣ್ಣ ಮೆಟ್ಟಿಲು, ಅದರ ಮೇಲೆ ಅಡ್ಡಲಾಗಿ ಒಂದು ಪಟ್ಟಿ, ಆ ಪಟ್ಟಿಯ ನಡುವೆ ಕಡ್ಡಿ, ಇಷ್ಟಿದ್ದರೆ ಸಾಕು. ಆಗ ನಾಣ್ಯದ ಬೆನ್ನೂ ಅರ್ಧ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂದೆ ಎಂದಾದರೂ ನಿಮ್ಮ ತಮ್ಮನ ಮಕ್ಕಳಿಗೆ ನಾಣ್ಯವೇ ಬೇಕೆನಿಸಿದರೆ, ಮುಂದಿನ ಅಂಚನ್ನು ಎತ್ತಿ ಹಿಂದಿನಿಂದ ಬೆರಳಿನಿಂದ ನೂಕಿ ಅದನ್ನು ಇಡಿಯಾಗಿ ಹೊರತೆಗೆಯಬಹುದು. ಅಜ್ಜಿಯ ಸರದ ಕೊಂಡಿಯ ಗುರುತು ಅಂಚಿನಲ್ಲಿ ಇರುವುದರಿಂದ ಕಟ್ಟಿನ ತುಟಿ ಅದನ್ನು ತಾನಾಗಿಯೇ ಮುಚ್ಚುತ್ತದೆ. ನನಗೆ ಈ ವಿಧಾನದಲ್ಲಿ ಬಹಳ ಹಿಡಿಸುವ ಸಂಗತಿ ಇದೇ.

ನಾಣ್ಯದ ಬೆನ್ನಿಗೆ ನೇರವಾಗಿ ಕಡ್ಡಿ ಬೆಸೆಯುವುದು ಅಗ್ಗ ಮತ್ತು ಬೇಗ; ಕಾದ ಬೆಳ್ಳಿಯೊಳಗಿನ ತಾಮ್ರ ಮೇಲೆದ್ದು ನೇರಳೆ ಕಲೆಗಳಾಗಿ ಮುಖದ ಮೇಲೆಯೂ ಉಳಿಯುತ್ತದೆ, ಆ ಕಲೆ ಹೋಗಲು ಉಜ್ಜಿದರೆ ಅಕ್ಷರಗಳೂ ಹೋಗುತ್ತವೆ. ಸಣ್ಣ ಗರಗಸದಿಂದ ನಾಣ್ಯದ ಹಿನ್ನೆಲೆಯನ್ನೆಲ್ಲ ಕತ್ತರಿಸಿ ತಲೆ ಅಥವಾ ಬಳ್ಳಿಯನ್ನಷ್ಟೇ ಉಳಿಸುವ ಕೆಲಸವೂ ಇದೆ. ಕೈಚಳಕಕ್ಕೆ ಮೆಚ್ಚುಗೆ ಇದೆ. ಅಜ್ಜಿಯ ಪಾವಲಿಗೆ ಅದನ್ನು ಮಾಡಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಿಂದಿನ ಬೀಗದ ವಿಷಯದಲ್ಲಿ ಹಟ ಬೇಡ. ಕಡ್ಡಿಯ ತುದಿಯಲ್ಲಿ ಗುಳಿಗೆಯಾಕಾರದ ತುಂಡೊಂದು ತಿರುಗಿ ಅಡ್ಡವಾಗುವ ಸಿದ್ಧ ಬೀಗಗಳು ಸಿಗುತ್ತವೆ; ಅವನ್ನೇ ಕೊಳ್ಳಿರಿ. ಕೈಯಿಂದ ಮಾಡಿದ ತಿರುಗುಣಿ ಚೆಂದ ಕಂಡರೂ ವರ್ಷದೊಳಗೆ ಸಡಿಲಾಗುತ್ತದೆ, ಮದುವೆಯ ಗದ್ದಲದಲ್ಲಿ ಬಿದ್ದರೆ ಸಿಗುವುದಿಲ್ಲ. ಒಂದೇ ಎಚ್ಚರಿಕೆ: ಆ ಗುಳಿಗೆಯೊಳಗೆ ಉಕ್ಕಿನ ಸಣ್ಣ ಸ್ಪ್ರಿಂಗ್ ಇರುತ್ತದೆ, ಕಾದರೆ ಅದರ ಬಿಗಿ ಸತ್ತುಹೋಗುತ್ತದೆ. ಕಡ್ಡಿಯನ್ನು ಬೆಸೆದು ಮುಗಿಸಿದ ಮೇಲೆಯೇ ಸ್ಪ್ರಿಂಗನ್ನೂ ಗುಳಿಗೆಯನ್ನೂ ಮೊಳೆ ಹೊಡೆದು ಕೂಡಿಸಬೇಕು. ಕಡ್ಡಿ ಪೂರ್ತಿ ಗುಂಡಗಿದ್ದರೆ ಗುಂಡಿತೂತಿನಲ್ಲಿ ತಿರುಗುತ್ತ ರಾಜನನ್ನು ತಲೆಕೆಳಗು ಮಾಡುತ್ತದೆ, ಆದ್ದರಿಂದ ತುಸು ಚಪ್ಪಟೆಯಾದ ಕಡ್ಡಿ ಒಳ್ಳೆಯದು. ಹಳೆಯ ಗುಂಡಿಗಳ ನೆನಪಿಗೆ ಸರಪಳಿಯೇ ಬೇಕೆಂದರೆ ಮುಂದೆ ಒಂದು, ಹಿಂದೆ ಒಂದು ನಾಣ್ಯವಿಟ್ಟು ನಡುವೆ ಮೂರು ನಾಲ್ಕು ಉಂಗುರ ಹಾಕಿಸಬಹುದು. ಅದಕ್ಕೆ ನಾಲ್ಕು ನಾಣ್ಯ ಬೇಕು, ಹಿಂದಿನವಕ್ಕೆ 1943–45ರವು ಒದಗಿಬರುತ್ತವೆ. ಆದರೆ ಹಾಕಿಕೊಳ್ಳುವಾಗ ಇನ್ನೊಬ್ಬರ ಕೈ ಬೇಕಾಗುತ್ತದೆ. ಮದುಮಗನಿಗೆ ಆ ದಿನ ಕೈಗಳಿಗೆ ಕೊರತೆಯಿರಲಿಕ್ಕಿಲ್ಲ, ಲಂಡನ್ನಿನಲ್ಲಿ ಇದ್ದೀತು.

ಯಾವ ಮುಖ ಹೊರಗಿರಬೇಕೆಂದು ನೀವು ಕೇಳಿಲ್ಲ, ಆದರೆ ಪತ್ತಾರರು ಕೇಳುತ್ತಾರೆ. ಒಂದು ಬದಿಗೆ ಐದನೆಯ ಜಾರ್ಜ್ ದೊರೆಯ ಕಿರೀಟದ ತಲೆ, ಇನ್ನೊಂದು ಬದಿಗೆ ಹೂಬಳ್ಳಿಯ ಬಳೆಯೊಳಗೆ ಬೆಲೆ ಮತ್ತು ವರ್ಷ. ಕಿತ್ತೂರಿನ ಸೀಮೆಗೆ ಹತ್ತಿರದವರಾದ ನಾವು ಇಂಗ್ಲೆಂಡಿನ ದೊರೆಯನ್ನು ಮುಂಗೈ ಮೇಲೆ ಹೊತ್ತು ಮೆರೆಸಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ಬಳ್ಳಿ ಮತ್ತು 1936 ಎಂಬ ವರ್ಷ ಹೊರಗಿರಲಿ. ಸರದಲ್ಲಿ ಯಾವ ಮುಖ ಎದೆಗೆ ತಾಗಿ ಹೆಚ್ಚು ಸವೆದಿದೆಯೋ ಅದು ಒಳಗೆ ಹೋಗುವುದೂ ನ್ಯಾಯವೇ. ಎರಡು ನಾಣ್ಯಗಳ ಸವೆತ ಒಂದೇ ಸಮ ಇಲ್ಲದಿದ್ದರೆ ಚಿಂತಿಸಬೇಡಿರಿ. ಹಾಗೆಂದು ಬೇರೆ ಜೋಡಿ ಕೊಳ್ಳಲು ಹೋದರೆ ನೆನಪಿಡಿರಿ, ಒಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಇನ್ನೊಂದು ಬದಿಗೆ ರಾಮ, ಸೀತೆ, ಹನುಮಂತರ ಚಿತ್ರ, ಕೆಳಗೆ 1818 ಎಂದು ಬರೆದ ಬಿಲ್ಲೆಗಳು ನಾಣ್ಯಗಳೇ ಅಲ್ಲ. ಕಂಪನಿ ಅಂಥದನ್ನು ಎಂದೂ ಹೊರಡಿಸಿಲ್ಲ.

ತೂತಿನ ದುಡ್ಡಿಗೆ ಬೇರೆಯೇ ಸೊಗಸಿದೆ, ಮದುವೆಗೆ ಬರುವ ಗೆಳೆಯರಿಗೆ ಅಗ್ಗದ ಕಾಣಿಕೆಯಾಗಿ ಅದನ್ನು ಯೋಚಿಸಬಹುದು. 1943ರಿಂದ 1947ರವರೆಗೆ ಲೋಹ ಉಳಿಸಲು ನಡುವೆ ದೊಡ್ಡ ತೂತು ಬಿಟ್ಟು ಅಚ್ಚು ಹಾಕಿದ ಕಂಚಿನ ಒಂದು ಪೈಸೆ ಅದು. ಅಗಲ 21 ಮಿಲಿಮೀಟರ್, ತೂಕ ಸುಮಾರು 2 ಗ್ರಾಂ. ನಟ್ಟು ಬೋಲ್ಟಿನ ವಾಷರ್ ಕೊಳ್ಳುವುದಕ್ಕಿಂತ ಈ ದುಡ್ಡೇ ಅಗ್ಗವೆಂದು ಜನ ಅದನ್ನೇ ವಾಷರ್ ಮಾಡಿಕೊಂಡಿದ್ದರು. ತೂತು ಸರ್ಕಾರವೇ ಹೊಡೆದದ್ದರಿಂದ ನಾವು ಹೊಡೆಯಬೇಕಾಗಿಲ್ಲ. ಹಿಂದೆ ಗುಳೇದಗುಡ್ಡದ ಖಣದ ಒಂದು ತುಂಡನ್ನು ಗುಂಡಿಗೆ ಸುತ್ತಿ ಕೂರಿಸಿದರೆ ತೂತಿನೊಳಗಿಂದ ಕೆಂಪು, ಹಸಿರು ಇಣುಕುತ್ತದೆ; ನಿಮ್ಮ ತಾಯಿಯವರ ಹಳೆಯ ಕುಪ್ಪಸದ ಖಣವಾದರೆ ಇನ್ನೂ ಒಳ್ಳೆಯದು. ಕಂಚು ಬೆವರಿಗೆ ಹಸಿರು ಕಿಲುಬು ಬಿಟ್ಟು ಬಿಳಿ ಅಂಗಿಯನ್ನು ಕೆಡಿಸುವುದರಿಂದ ಹಿಂಬದಿಗೆ ಮಾತ್ರ ಬೆಳ್ಳಿಯ ತಗಡು ಇರಲೇಬೇಕು. ಘೇಂಡಾಮೃಗದ 25 ಪೈಸೆ ಸ್ಟೇನ್‌ಲೆಸ್ ಸ್ಟೀಲಿನದು, 19 ಮಿಲಿಮೀಟರ್. ಅದಕ್ಕೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಕಟ್ಟೇ ಗತಿ. ಹತ್ತಿರದಲ್ಲೇ ನಿಪ್ಪಾಣಿಯಾಚೆ ಹುಪರಿ ಇದೆ, ಬೆಳ್ಳಿ ಗೆಜ್ಜೆಗೆ ಹೆಸರಾದ ಊರು. ಹತ್ತಾರು ಜೊತೆ ಮಾಡಿಸುವುದಿದ್ದರೆ ಅಲ್ಲಿ ವಿಚಾರಿಸಿರಿ. ಒಂದು ಜೊತೆಗಾದರೆ ನಿಮ್ಮ ಜಮಖಂಡಿಯ ಪತ್ತಾರರೇ ಸಾಕು, ಬೆಳಗಾವಿಯ ಶಹಾಪುರದ ಸರಾಫ್ ಗಲ್ಲಿಯವರೆಗೂ ಬರಬೇಕಾಗಿಲ್ಲ.

ರೂಪಾಯಿಗಳನ್ನು ಏಕೆ ಬಿಡಬೇಕೆಂದರೆ, ಅವಕ್ಕೆ ಕೊಂಡಿಯಿಲ್ಲ, ಅವು ಇನ್ನೂ ಇಡಿಯಾಗಿವೆ. 1862 ಎಂದಿದ್ದ ಮಾತ್ರಕ್ಕೆ ಅವು ಆ ವರ್ಷದವೇ ಎಂದಲ್ಲ. ಆ ಅಂಕಿಯನ್ನು ಹಾಗೆಯೇ ಇಟ್ಟು 1874ರವರೆಗೂ ಅಚ್ಚು ಹಾಕುತ್ತ, ಯಾವ ವರ್ಷದ್ದೆಂದು ತಿಳಿಯಲು ಸಣ್ಣ ಸಣ್ಣ ಚುಕ್ಕೆಗಳನ್ನು ಬೇರೆ ಬೇರೆ ಬಗೆಯಲ್ಲಿ ಇಡುತ್ತಿದ್ದರು. ಭೂತಗನ್ನಡಿ ಹಿಡಿದು ವರ್ಷದ ಮೇಲೆ ಕೆಳಗೆ ಚುಕ್ಕೆ ಎಣಿಸಿರಿ. ಕೆಲವು ಚುಕ್ಕೆಗಳ ಜೋಡಣೆ ಅಪರೂಪದವು, ಸಂಗ್ರಾಹಕರು ಅವಕ್ಕೆ ಬೆಳ್ಳಿಗಿಂತ ಎಷ್ಟೋ ಹೆಚ್ಚು ಕೊಡುತ್ತಾರೆ. ದಯವಿಟ್ಟು ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಾಕಿ ಬೆಳಗಬೇಡಿರಿ. ದೇವರ ಸಾಮಾನು ಬೆಳಗಿದಂತೆ ಹಳೆಯ ನಾಣ್ಯ ಬೆಳಗಿದರೆ ಅರ್ಧ ಬೆಲೆ ಬಚ್ಚಲಿಗೆ ಹರಿದಂತೆ. ಈ ಡಬ್ಬಿಯ ಸುದ್ದಿ ಹೊರಬಿದ್ದ ಮೇಲೆ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿರಿ ಎನ್ನುವ ಫೋನು ಬಂದರೆ ಇಟ್ಟುಬಿಡಿರಿ. ಇಂಥ ಮೋಸದ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಜನರನ್ನು ಎಚ್ಚರಿಸಿದೆ.

ಈಗ ಆ ತಂತಿ. ನೀವು ಬರೆದ ವಿವರ ನೋಡಿದರೆ ಅದು ಲಾರಿ ಎಂಬ ನಾಣ್ಯವಾಗಿರುವ ಸಾಧ್ಯತೆ ಬಹಳ. ಪರ್ಷಿಯಾದ ಲಾರ್ ಎಂಬ ಊರಿನಿಂದ ಆ ಹೆಸರು ಬಂತು. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ಚಪ್ಪಟೆ ಮಾಡಿ, ಎರಡೂ ಮೈಗೆ ಅಚ್ಚು ಒತ್ತಿದರೆ ಆಯಿತು ನಾಣ್ಯ. ಸಮುದ್ರದ ವ್ಯಾಪಾರದಲ್ಲಿ ಅದಕ್ಕೆ ಒಳ್ಳೆಯ ಮಾನ್ಯತೆಯಿತ್ತು. ಕೊಂಕಣದ ಬಂದರುಗಳ ಮೇಲೆ ಹಿಡಿತವಿದ್ದ ಬಿಜಾಪುರದ ಆದಿಲಶಾಹಿಗಳೂ ಅದನ್ನು ಹೊರಡಿಸಿದರು. 1656ರಿಂದ 1672ರವರೆಗೆ ಆಳಿದ ಎರಡನೆಯ ಅಲಿ ಆದಿಲಶಾಹನ ಹೆಸರಿನ ಲಾರಿಗಳು ಪ್ರಸಿದ್ಧವಾಗಿವೆ. ತೂಕ 5 ಗ್ರಾಮಿಗೆ ತುಸು ಕಡಿಮೆ ಇರುತ್ತದೆ, ಮನೆಯ ಹತ್ತಿರದ ಸರಾಫರ ತಕ್ಕಡಿಯಲ್ಲಿ ತೂಗಿಸಿ ನೋಡಿರಿ. ಟೈ ಪಿನ್ನಿನ ಆಕಾರ ಅದಕ್ಕೆ ಹುಟ್ಟಿನಿಂದಲೇ ಇದೆ, ಆಸೆ ಹುಟ್ಟಿದ್ದು ಸಹಜ. ಆದರೆ ಮಡಿಕೆಯನ್ನು ತುಸು ಬಿಡಿಸಲು ಹೋದರೂ ಮೂರೂವರೆ ಶತಮಾನದ ಬೆಳ್ಳಿ ಅಲ್ಲಿಯೇ ಸೀಳಬಹುದು, ಕಾಸಿದರೆ ಅಕ್ಷರ ಕರಗುತ್ತದೆ, ಲಂಡನ್ನಿಗೆ ಒಯ್ಯುವುದಂತೂ ಮೇಲೆ ಹೇಳಿದ ಕಾಯ್ದೆಗೆ ವಿರುದ್ಧ. ನಕಲುಗಳೂ ಇವೆಯಾದ್ದರಿಂದ ಮೊದಲು ಪರ್ಷಿಯನ್ ಓದಬಲ್ಲ ನಾಣ್ಯತಜ್ಞರಿಗೆ ಎರಡೂ ಮೈಗಳ ಫೋಟೊ ತೋರಿಸಿರಿ. ಡಬ್ಬಿಯಲ್ಲಿ ಇದ್ದದ್ದಕ್ಕೆ ಚಿಂತೆಯಿಲ್ಲ. ಹೊಲ ಉಳುವಾಗಲೋ ಹಳೆಯ ಗೋಡೆ ಕೆಡಹುವಾಗಲೋ ಸಿಕ್ಕದ್ದಾಗಿದ್ದರೆ ಅದು ನಿಧಿ, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕಾದದ್ದು. ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿರಿ.

ಪತ್ತಾರರಿಗೆ ಪಾವಲಿಗಳನ್ನು ಒಪ್ಪಿಸುವ ಮೊದಲು ಎರಡನ್ನೂ ತೂಗಿಸಿ, ಎರಡೂ ಮುಖಗಳ ಫೋಟೊ ತೆಗೆದಿಟ್ಟುಕೊಳ್ಳಿರಿ. ಅಪನಂಬಿಕೆಯಿಂದಲ್ಲ, ಒಂದೇ ತರಹದ ನಾಣ್ಯಗಳು ಒಂದೇ ಪೆಟ್ಟಿಗೆಯಲ್ಲಿ ಕಲೆತರೆ ಯಾವುದು ಅಜ್ಜಿಯದೆಂದು ಅವರಿಗೂ ತಿಳಿಯುವುದಿಲ್ಲ. ಖರ್ಚಿನಲ್ಲಿ ಬೆಳ್ಳಿಗಿಂತ ಮಜೂರಿಯೇ ಹೆಚ್ಚಾಗುತ್ತದೆ, ಅದಕ್ಕೆ ಚೌಕಾಸಿ ಮಾಡಿದರೆ ಕಟ್ಟಿನ ಬದಲು ಬೆಸುಗೆ ಬರುತ್ತದೆ. ಮುಗಿದ ಮೇಲೆ ಅವನ್ನು ಮೃದುವಾದ ಹತ್ತಿ ಬಟ್ಟೆಯಲ್ಲಿಡಿರಿ. ರಬ್ಬರ್ ಬ್ಯಾಂಡ್ ಸುತ್ತಿದರೆ ಅದರೊಳಗಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ, ಮೆತ್ತನೆಯ ಪಿವಿಸಿ ಚೀಲದಲ್ಲಿ ಹಸಿರು ಅಂಟು ಹಿಡಿಯುತ್ತದೆ. ಕಪ್ಪಾದರೆ ಅಂಟುವಾಳದ ನೀರಿನಲ್ಲಿ ಅದ್ದಿ ಒರೆಸಿದರೆ ಸಾಕು.

ಕೊನೆಗೆ, ಅಂಗಿ. ಸಾಮಾನ್ಯ ಅಂಗಿಯ ತೋಳಿಗೆ ಒಂದು ಬದಿ ಗುಂಡಿ, ಒಂದು ಬದಿ ತೂತು ಇರುತ್ತದೆ. ಅದಕ್ಕೆ ಕಫ್‌ಲಿಂಕ್ ಕೂರುವುದಿಲ್ಲ. ಮಡಚುವ ಉದ್ದನೆಯ ಕಫ್ ಇಟ್ಟು, ಪ್ರತಿ ತೋಳಿಗೆ ನಾಲ್ಕು ತೂತು ಬಿಡಲು ದರ್ಜಿಗೆ ಈಗಲೇ ಹೇಳಿರಿ, ಗುಳಿಗೆಯ ಅಳತೆಗಾಗಿ ಕಫ್‌ಲಿಂಕನ್ನೇ ಅವರ ಮುಂದಿಡಿರಿ. ಶೇರ್ವಾನಿ ಹಾಕುವುದೇ ಆದರೆ ಅದರ ತೋಳು ಅಂಗಿಯ ತೋಳಿಗಿಂತ ಒಂದು ಬೆರಳು ಗಿಡ್ಡ ಇರಲಿ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ ಪಾವಲಿ ಅಕ್ಷತೆ ಬೀಳುವಾಗ ತೋಳಿನೊಳಗೇ ಉಳಿದುಬಿಡುತ್ತದೆ.